ಮೂರನೇ ಕರೆಗೆ ಓ

ನನ್ನ ಗಂಡನ ಹೆಸರು ಐತ. ಬಾಯಲ್ಲಿ ಈ ಹೆಸರನ್ನು ನಾನು ಯಾವತ್ತೂ ಹೇಳಿದವಳಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಬರೆಯಲು ಅಡ್ಡಿ ಇಲ್ಲ ಎಂದು ಬರೆದಿದ್ದೇನೆ.

ಅವರು ಪ್ಲಂಬರ್. ಹಾಗೆಂದರೆ ಜನ ನಲ್ಲಿ ರಿಪೇರಿ ಎಂದುಕೊಳ್ಳುತ್ತಾರೆ. ನಲ್ಲಿ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಇವರಿಗೆ ಬರುತ್ತಿದ್ದದ್ದು ಸಂಡಾಸಿನ ಕೆಲಸ. ಬಿಲ್ಡಿಂಗಿನ ಹಿಂದಿನ ದಪ್ಪ ಪೈಪು, ನೆಲದ ಅಡಿಯ ಚೇಂಬರು, ಅದರಾಚೆಯ ಟ್ಯಾಂಕು. ಉಳಿದವರು ಮೂಗು ಮುಚ್ಚಿ ಹಿಂದೆ ಸರಿಯುವಲ್ಲಿ ಇವರು ಅಂಗಿ ಬಿಚ್ಚಿ ಮುಂದೆ ಹೋಗುವುದು.

ಹುಟ್ಟಿದ್ದು ಕಾರ್ಕಳದ ಹತ್ತಿರ, ಆದಿತ್ಯವಾರ. ತುಳುವಿನಲ್ಲಿ ಆದಿತ್ಯವಾರಕ್ಕೆ ಐತಾರ ಎನ್ನುತ್ತೇವೆ. ಅದಕ್ಕೇ ಐತ. ಮೀಸೆ ಬರುವ ಮೊದಲೇ ಊರಿನವರೊಬ್ಬರು ಅವರನ್ನು ಬೊಂಬಾಯಿಯ ಮಾಟುಂಗದ ಒಂದು ಹೋಟೆಲಿಗೆ ಕರೆತಂದರು. ಕಪ್ಪು ಬಸಿ ತೊಳೆಯುವ ಕೆಲಸ ಎಂದಿದ್ದರು. ಯಜಮಾನ ಹೆಸರು ಕೇಳಿದ. ಹೆಸರು ಕೇಳಿದ ಮೇಲೆ ಜಾತಿ ಕೇಳುವ ಅಗತ್ಯ ಬೀಳಲಿಲ್ಲ. ಕಪ್ಪು ಬಸಿ ಬೇರೆಯವನಿಗೆ ಹೋಯಿತು, ಇವರಿಗೆ ಹಿತ್ತಲಿನ ಮೋರಿ. ಅನ್ನ, ಚಟ್ನಿ, ಎಣ್ಣೆಯ ಜಿಡ್ಡು ಸೇರಿ ಕಲ್ಲಿನ ಹಾಗೆ ಗಟ್ಟಿಯಾದದ್ದನ್ನು ಕೈಯಲ್ಲಿ ಬಗೆಯುವುದು. ಆ ಮೋರಿಯಿಂದ ಪಕ್ಕದ ಹೋಟೆಲಿನ ಮೋರಿ, ಅಲ್ಲಿಂದ ಬಿಲ್ಡಿಂಗುಗಳ ಚೇಂಬರು. ಅವರು ಕೆಲಸ ಕಲಿತದ್ದಲ್ಲ. ಕೆಲಸ ಅವರನ್ನು ಒಳಗೆ ಎಳೆದುಕೊಂಡದ್ದು.

ನಮ್ಮ ಖೋಲಿ ಬೈಕುಲ್ಲಾದ ಒಂದು ಚಾಳಿನಲ್ಲಿ. ಒಂದೇ ಕೋಣೆ, ಮೂಲೆಯಲ್ಲಿ ಸ್ನಾನಕ್ಕೂ ಪಾತ್ರೆಗೂ ಒಂದು ಮೋರಿ. ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವ ಮಾತ್ರ. ಆಮೇಲೆ ತಿರುಗಿಸಿದರೆ ಗಾಳಿಯೂ ಬರುವುದಿಲ್ಲ. ಅವರ ಸ್ನಾನಕ್ಕೆಂದು ಒಂದು ಡ್ರಮ್ ನೀರು ಬೇರೆ ತುಂಬಿಡುತ್ತಿದ್ದೆ. ಅದನ್ನು ಮಗಳು ನಿಶಾ ಸಹ ಮುಟ್ಟುವಂತಿಲ್ಲ. ಕೆಲಸಕ್ಕೆ ಇಳಿಯುವ ಮೊದಲು ಮೈಗೆಲ್ಲ ತೆಂಗಿನೆಣ್ಣೆ ಹಚ್ಚುತ್ತಿದ್ದರು, ಗಲೀಜು ಚರ್ಮಕ್ಕೆ ಹಿಡಿಯಬಾರದೆಂದು. ಮನೆಗೆ ಬಂದ ಮೇಲೆ ಮಾತಿಲ್ಲ. ಮೊದಲು ಕಾಲು, ಆಮೇಲೆ ಕೈ, ಉಗುರು, ಆಮೇಲೆ ಮೈ. ಚೆಂಬಿನ ಮೇಲೆ ಚೆಂಬು ಸುರಿಯುವ ಸದ್ದು. ಅನ್ನ ಆರಿ ಹೋಗುತ್ತಿತ್ತು.

"ಎಷ್ಟು ತೊಳೆದುಕೊಳ್ಳುವುದು? ಚರ್ಮ ಹೋದೀತು," ಎಂದರೆ, "ಹೋಗಲಿ ಮಾರಾಯ್ತಿ. ಹೊಸದು ಬರಲಿ," ಎನ್ನುತ್ತಿದ್ದರು.

ಅಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ತೆಂಗಿನೆಣ್ಣೆ, ಸೋಪು, ಅದರ ಅಡಿಯಲ್ಲಿ ಅದು. ಲೋಕಲ್ ರೈಲಿನಲ್ಲಿ ಎಷ್ಟು ಗರ್ದಿ ಇದ್ದರೂ ಅವರ ಪಕ್ಕದ ಜಾಗ ಖಾಲಿ ಇರುತ್ತಿತ್ತು. ಯಾರೋ ಬಂದು ಕೂರುತ್ತಾರೆ, ಮೂಗು ಅರಳಿಸುತ್ತಾರೆ, ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾರೆ. ನನಗೆ ನಾಚಿಕೆಯಾಗುತ್ತಿತ್ತು. ಅವರು ನಗುತ್ತಿದ್ದರು. "ಬೊಂಬಾಯಿಯಲ್ಲಿ ಕಾಲು ಚಾಚಿ ಕೂರುವವ ನಾನೊಬ್ಬನೇ, ನೋಡು."

ಚೇಂಬರಿನಲ್ಲಿ ಏನೇನೋ ಸಿಗುತ್ತಿತ್ತು. ಕೂದಲು, ಬಟ್ಟೆ, ಬೊಂಬೆಯ ಕೈ. ಒಮ್ಮೆ ಹಲ್ಲಿನ ಸೆಟ್ಟು ಸಿಕ್ಕಿತು. ತೊಳೆದು ಮೇಲೆ ಕೊಟ್ಟರು. ಆ ಮನೆಯ ಅಜ್ಜ ಅದನ್ನೇ ಹಾಕಿಕೊಂಡು ಥ್ಯಾಂಕ್ಯೂ ಎಂದರಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ನಗದೆ ಹೇಳುತ್ತಿದ್ದ ಸಂಗತಿ ಒಂದು ಇತ್ತು. ಕೆಳಗೆ ಮಾತು ಕೇಳಿಸುತ್ತದೆ. ಬಿಲ್ಡಿಂಗಿನ ಬಾತ್‌ರೂಮುಗಳಲ್ಲಿ ಜನ ಆಡಿದ್ದೆಲ್ಲ ಪೈಪಿನಲ್ಲಿ ಇಳಿದು ಬರುತ್ತದೆ. ಹಾಡು, ಜಗಳ, ಕೆಮ್ಮು. ಯಾರದು, ಯಾವ ಮಾಳಿಗೆಯದು, ತಿಳಿಯುವುದಿಲ್ಲ. ಕತ್ತಲಲ್ಲಿ ಸ್ವರ ಮಾತ್ರ, ಮನುಷ್ಯರಿಲ್ಲ.

"ಕೆಲವು ಸಲ ನನ್ನ ಹೆಸರೂ ಕೇಳುತ್ತದೆ," ಎಂದಿದ್ದರು. "ಮುಲುಂಡಿನ ಆ ಸೇಟುಗಳಿಗೆ ನನ್ನ ಹೆಸರು ಎಲ್ಲಿ ಗೊತ್ತು? ಒಮ್ಮೆ ಕರೆಯುತ್ತದೆ. ಮತ್ತೊಮ್ಮೆ ಕರೆಯುತ್ತದೆ. ಅಷ್ಟೇ."

ನಮ್ಮ ಊರಿನಲ್ಲಿ ಇದು ಎಲ್ಲರಿಗೂ ಗೊತ್ತು. ಸತ್ತವರನ್ನು ಕುಲೆ ಎನ್ನುತ್ತೇವೆ. ಕುಲೆ ಹೆಸರು ಹಿಡಿದು ಕರೆಯುತ್ತದೆ, ಆದರೆ ಮೂರನೇ ಸಲ ಕರೆಯಲಾರದು. ಆದ್ದರಿಂದ ಮೊದಲ ಕರೆಗೆ ಓ ಎನ್ನಬಾರದು. ಎರಡನೆಯದಕ್ಕೂ ಬೇಡ. ಮೂರನೆಯದು ಬಂದರೆ ಕರೆದದ್ದು ಮನುಷ್ಯ, ಆಗ ಓ ಎನ್ನಬಹುದು. ಇದನ್ನು ಅತ್ತೆ ಮಗನಿಗೆ ಹಾಲಿನ ಜೊತೆ ಕುಡಿಸಿದ್ದರು. ಮನೆಯಲ್ಲೂ ಹಾಗೆಯೇ. ನಾನು "ಇಕೊಳ್ಳಿ" ಎಂದು ಮೂರು ಸಲ ಕೂಗಬೇಕು. ಆಮೇಲೆ ಓ. ಗಿಡ್ಡ ಓ, ಸ್ವಲ್ಪ ಸಿಡುಕಿನ ಓ, ಊಟದ ಮಧ್ಯೆ ಎಬ್ಬಿಸಿದ ಹಾಗೆ.

ಅವರ ಜೊತೆಗಾರ ಸುಭಾಷ. ವಿಜಯಪುರದ ಕಡೆಯವನು, ನನ್ನನ್ನು ವೈನಿ, ಎಂದರೆ ಅತ್ತಿಗೆ, ಎಂದು ಕರೆಯುತ್ತಾನೆ. ಇವರು ಕೆಳಗೆ ಇಳಿದರೆ ಅವನು ಮೇಲೆ ಹೊಟ್ಟೆಯ ಮೇಲೆ ಮಲಗಿ, ಹಗ್ಗ ಹಿಡಿದು, ಬಾಯಿಗೆ ಕೈ ಕೊಟ್ಟು ಕರೆಯುವವನು. ಅವನಿಗೂ ಈ ಪದ್ಧತಿ ಅಭ್ಯಾಸವಾಗಿತ್ತು.

"ನಮ್ಮ ಐತಣ್ಣಂದು ಫೋನ್ ಇದ್ದಂಗ ವೈನಿ. ಮೂರು ರಿಂಗ್ ಆಗೂತನಕ ಎತ್ತಂಗಿಲ್ಲ."

ಅವನಿಗೆ ಇನ್ನೊಂದು ತಮಾಷೆ ಇತ್ತು. ಅವರ ಕಡೆ ಐತಿ ಎಂದರೆ ಇದೆ ಎಂದು ಅರ್ಥ. "ಐತಣ್ಣ ಐತೇನು?" ಎಂದೇ ಬಾಗಿಲು ಬಡಿಯುತ್ತಿದ್ದ. "ನಿಮ್ಮ ಹೆಸರಿನಾಗ ಐತಿ ಅಂತ ಐತಿ. ನೀವು ಎಲ್ಲೂ ಹೋಗಂಗಿಲ್ಲ ಬಿಡ್ರಿ."

ಹೋದರು. ಮುಲುಂಡಿನ ಒಂದು ಸೊಸೈಟಿಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಮಧ್ಯಾಹ್ನ.

ಆ ದಿನ ಮುಚ್ಚಳ ತೆಗೆದು ಬಹಳ ಹೊತ್ತು ಬಿಟ್ಟಿದ್ದರಂತೆ. ಗೋಡೆಯ ಮೇಲೆ ಜಿರಲೆ ಓಡಾಡುತ್ತಿತ್ತಂತೆ. ಜಿರಲೆ ಓಡಾಡಿದರೆ ಗಾಳಿ ಉಂಟು, ಬಿದ್ದಿದ್ದರೆ ಇಳಿಯಬಾರದು. ಅದೇ ಅವರ ಮೀಟರು. ಜಿರಲೆ ನೋಡಿಯೇ ಇಳಿದರು. ತಳದಲ್ಲಿ ಕಲ್ಲಾದ ರಾಡಿಯನ್ನು ಸಲಾಕೆಯಿಂದ ಕದಡಿದಾಗ ಅದರ ಅಡಿಯಿಂದ ಗ್ಯಾಸು ಎದ್ದಿತು. ಅಲ್ಲಿ ಜಿರಲೆ ಇರಲಿಲ್ಲ.

ಸಲಾಕೆಯ ಸದ್ದು ನಿಂತಿತು. ಸುಭಾಷ ಕರೆದ. ಉತ್ತರ ಇಲ್ಲ. ಅವನು ಹೆದರಲಿಲ್ಲ, ಮೊದಲ ಕರೆಗೆ ಇವರು ಓ ಎನ್ನುವುದಿಲ್ಲವಲ್ಲ. ಯಾವತ್ತಿನಂತೆ ಸ್ವಲ್ಪ ಬಿಟ್ಟು ಮತ್ತೆ ಕರೆದ. ಉತ್ತರ ಇಲ್ಲ. ಅದೂ ಸರಿಯೇ. ಬೆವರು ಒರೆಸಿಕೊಂಡು ಮೂರನೇ ಸಲ ಕರೆದ.

ಓ ಬರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮೊದಲ ಕರೆಗೇ ಹಗ್ಗ ಎಳೆಯುತ್ತಿದ್ದ. ಇದನ್ನು ಅವನೇ ನನ್ನೆದುರು ಹೇಳಿ ಹಣೆ ಚಚ್ಚಿಕೊಂಡ. ನಾನು ಅವನನ್ನು ಬೈಯಲಿಲ್ಲ. ಯಾರನ್ನು ಬೈಯುವುದು? ಸತ್ತ ಅತ್ತೆಯನ್ನೇ?

ಪೊಲೀಸು, ಪೋಸ್ಟ್‌ಮಾರ್ಟಮ್, ಸೊಸೈಟಿಯವರು "ನಾವು ಮೇಲಿಂದ ನೋಡು ಎಂದಷ್ಟೇ ಹೇಳಿದ್ದೆವು" ಎಂದದ್ದು, ಇದೆಲ್ಲ ಎಲ್ಲರ ಕಥೆಯಲ್ಲೂ ಇರುತ್ತದೆ. ನನ್ನ ಸಂಕಟ ಬೇರೆ ಕಡೆ ಶುರುವಾಯಿತು.

ನಮ್ಮಲ್ಲಿ ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ಸತ್ತವರನ್ನು ಒಳಗೆ ಕರೆಯುವ ಕ್ರಮ ಉಂಟು. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಹಿರಿಯರೊಬ್ಬರು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು "ಉಲಾಯಿ ಬಲ" ಎಂದು ಮೂರು ಸಲ ಕರೆಯುತ್ತಾರೆ. ಒಳಗೆ ಬಾ ಎಂದು. ಆಮೇಲೆ ಎಲ್ಲರೂ ಹೊರಗೆ ನಿಂತು ಬಾಗಿಲು ಎಳೆದುಕೊಳ್ಳಬೇಕು. ಬಂದವರು ಉಣ್ಣುತ್ತಾರೆ. ಬಂದದ್ದು ಗೊತ್ತಾಗುತ್ತದೆ, ಎಲೆಯಲ್ಲೋ ದೀಪದಲ್ಲೋ ಗುರುತು ಇರುತ್ತದೆ. ಆ ಮೇಲೆ ಅವರು ಮನೆಯವರು, ಹಿರಿಯರ ಜೊತೆ ಸೇರಿದರು. ಬಾರದಿದ್ದರೆ ಸತ್ತ ಜಾಗದಲ್ಲೇ ಉಳಿದರು.

ನಮಗೆ ಕರೆದವರು ಕೊರಗಣ್ಣ. ಅವರು ಅದೇ ಚಾಳಿನ ಕೊನೆಯ ಖೋಲಿಯವರು, ಗಂಡನ ಕಡೆಯ ಹಿರಿಯರು. ಮೂರು ಸಲ ಕರೆದರು. ಬಾಗಿಲು ಹಾಕಿದೆವು. ತೆರೆದು ನೋಡಿದಾಗ ಬಂಗುಡೆ ಸಾರಿನ ಮೇಲೆ ಕಟ್ಟಿದ ಕೆನೆ ಒಡೆದಿರಲಿಲ್ಲ. ಅನ್ನ ಹಾಕಿದ ಹಾಗೆಯೇ ಇತ್ತು. ದೀಪ ಅಲುಗದೆ ಉರಿಯುತ್ತಿತ್ತು.

ಕೊರಗಣ್ಣ ಬಗ್ಗಿ ಎಲೆ ನೋಡಿದರು. ನನ್ನನ್ನು ನೋಡಲಿಲ್ಲ. "ಬರ್ಲಿಲ್ಲ ಸೇವಂತಿ," ಎಂದರು.

"ಎಂತ ಮಾಡುವುದು ಈಗ?"

"ಅಲ್ಲಿಯೇ ಇದ್ದಾನೆ ಅವ. ಅಲ್ಲಿಂದ ಎಬ್ಬಿಸಿ ತರ್ಬೇಕು."

ಅಲ್ಲಿಯೇ ಎಂದರೆ ಆ ಗುಂಡಿಯಲ್ಲಿ. ಬದುಕಿದ್ದಾಗ ಸಂಜೆಯಾದರೆ ಮೇಲೆ ಬಂದು ಡ್ರಮ್ ನೀರು ಸುರಿದುಕೊಳ್ಳುತ್ತಿದ್ದ ಮನುಷ್ಯ. ಈಗ ಸಂಜೆಯೂ ಅಲ್ಲಿ, ರಾತ್ರಿಯೂ ಅಲ್ಲಿ. ಇಡೀ ಬಿಲ್ಡಿಂಗು ಫ್ಲಶ್ ಮಾಡಿದ್ದು ತಲೆಯ ಮೇಲೆ. ಅವರನ್ನು ಅಲ್ಲಿಂದ ಹೊರಗೆ ತರಬೇಕು. ಬೇರೆ ಏನೂ ಬೇಡ.

ಮುಲುಂಡಿಗೆ ಹೋದೆ. ಸೊಸೈಟಿಯ ಸೆಕ್ರೆಟರಿ ಜಯಸಿಂಹ ಎಂದು, ಮೈಸೂರಿನವರು. ಗೇಟಿನಲ್ಲೇ ಮಾತಾಡಿದರು. ಚೇಂಬರಿನ ಮೇಲೆ ಟೈಲ್ಸ್ ಹಾಕಿಸಿಬಿಟ್ಟಿದ್ದಾರೆ, ಇನ್ನೊಂದು ಕಡೆಯಿಂದ ಬಾಯಿ ಮಾಡಿಸುತ್ತಾರಂತೆ.

"ನೋಡಮ್ಮ, ನಿಮ್ಮ ದುಃಖ ನಮಗೆ ಅರ್ಥವಾಗುತ್ತೆ. ಆದರೆ ಇಲ್ಲಿ ಪೂಜೆ ಗೀಜೆ ಎಲ್ಲ ಬೇಡ. ಮಕ್ಕಳು ಆಡೋ ಜಾಗ."

"ಪೂಜೆ ಅಲ್ಲ ಸಾರ್. ಕರೆದುಕೊಂಡು ಹೋಗುವುದು."

"ಯಾರನ್ನ?"

ನಾನು ಹಿಂದಿನ ಅಂಗಳದ ಕಡೆ ಕೈ ತೋರಿಸಿದೆ. ಅವರು ವಾಚ್‌ಮನ್‌ಗೆ ಗೇಟು ಹಾಕಲು ಹೇಳಿದರು.

ಮಳೆಗಾಲ ಬಂತು. ಆಟಿ ತಿಂಗಳು ಹಿಡಿಯಿತು. ಸತ್ತವರಿಗೆ ಬಡಿಸುವ ತಿಂಗಳು ಅದು. ಎಲ್ಲರ ಮನೆಗೂ ಅವರವರು ಬರುತ್ತಾರೆ. ಆಗ ಒಂದು ಫೋನ್ ಬಂತು.

"ಸೇವಂತಿಯವರಾ? ನಾನು ಶಾಮಲಾ ಅಂತ, ಮುಲುಂಡಿಂದ. ಸೆಕ್ರೆಟರಿ ಜಯಸಿಂಹ ಅವರ ಮನೆಯವರು. ಸುಭಾಷ ನಿಮ್ಮ ನಂಬರ್ ಕೊಟ್ಟ."

ಒಲೆ ಸಣ್ಣ ಮಾಡಿ ಫೋನು ಕಿವಿಗೆ ಒತ್ತಿದೆ.

"ನಮ್ಮದು ಗ್ರೌಂಡ್ ಫ್ಲೋರು ಕಣ್ರೀ. ಬಚ್ಚಲಲ್ಲಿ ನೀರು ನಿಲ್ತಾ ಇದೆ. ಮೂರು ಜನ ಪ್ಲಂಬರ್ ಬಂದು ನೋಡಿದ್ರು, ಆಗಲಿಲ್ಲ. ಅದು ಬಿಡಿ. ಮಧ್ಯಾಹ್ನ ಹೊತ್ತು... ನಗಬೇಡಿ ಆಯ್ತಾ? ಬಚ್ಚಲ ಜಾಲರಿಯಿಂದ ಯಾರೋ ಓ ಅಂತಾರೆ."

"ಓ ಅಂತಲಾ?"

"ಹೂಂ ರೀ. ನಮ್ಮ ಅಡುಗೆಯವಳು ಬಿಟ್ಟು ಹೋದಳು. ನಮ್ಮೆಜಮಾನ್ರು ಪೈಪಲ್ಲಿ ಗ್ಯಾಸು ಅಂತಾರೆ. ಗ್ಯಾಸಿಗೆ ಓಗೊಡೋಕೆ ಬರುತ್ತೇನ್ರೀ? ನಾನು ಕರೆದೇ ಇಲ್ಲ. ಮನೇಲಿ ಬೇರೆ ಯಾರೂ ಇಲ್ಲ. ಸುಮ್ಮನೆ ಓ ಅನ್ನುತ್ತೆ. ಸ್ವಲ್ಪ ಹೊತ್ತಿಗೆ ಮತ್ತೆ ಓ."

"ನಾಳೆ ಬರುತ್ತೇನೆ," ಎಂದೆ.

ಮರುದಿನ ಮಧ್ಯಾಹ್ನ ಸುಭಾಷನನ್ನು ಕರೆದುಕೊಂಡು ಹೋದೆ. ಜಯಸಿಂಹ ಆಫೀಸಿಗೆ ಹೋಗಿದ್ದರು. ಶಾಮಲಾ ಬಾಗಿಲು ತೆರೆದರು. ತೆಳ್ಳಗಿನ ಹೆಂಗಸು, ಕಣ್ಣಿನ ಸುತ್ತ ಕಪ್ಪು. ನಮಗೆ ಚಹಾ ಕೊಟ್ಟರು, ಕಪ್ಪಿನಲ್ಲೇ ಕೊಟ್ಟರು. ಬಚ್ಚಲ ಬಾಗಿಲು ಮಾತ್ರ ನಾವೇ ತೆರೆಯಬೇಕಾಯಿತು.

ನೆಲದಲ್ಲಿ ಕಪ್ಪು ನೀರು ಹಿಮ್ಮಡಿಯವರೆಗೆ ನಿಂತಿತ್ತು. ಅಲುಗುತ್ತಿರಲಿಲ್ಲ. ಮೂವರೂ ಬಾಗಿಲಲ್ಲಿ ನಿಂತೆವು. ಹೊರಗೆ ಮಳೆ ಬಿಟ್ಟಿತ್ತು. ಮೇಲೆ ಎಲ್ಲೋ ಕುಕ್ಕರ್ ಕೂಗಿತು. ಯಾರೋ ಫ್ಲಶ್ ಮಾಡಿದರು, ಗೋಡೆಯೊಳಗೆ ನೀರು ಇಳಿದು ಹೋಯಿತು. ಆಮೇಲೆ ಎಲ್ಲ ನಿಂತಿತು. ನೀರಿನ ಮೇಲೆ ಒಂದು ಗುಳ್ಳೆ ಎದ್ದಿತು.

"ಓ."

ಗಿಡ್ಡ ಓ. ಸ್ವಲ್ಪ ಸಿಡುಕಿನ ಓ.

ಶಾಮಲಾ ನನ್ನ ತೋಳು ಹಿಡಿದರು. ಅವರ ಉಗುರು ನನ್ನ ಚರ್ಮಕ್ಕೆ ಇಳಿಯಿತು. ಸುಭಾಷ ನೀರಿನ ಕಡೆ ಬೊಟ್ಟು ಮಾಡಿದ.

"ಐತಣ್ಣಂದ... ಐತಣ್ಣನ ಧ್ವನಿನ ಅದು ವೈನಿ."

"ನನಗೆ ಗೊತ್ತಿಲ್ಲವಾ?"

ಮತ್ತೆ ಗುಳ್ಳೆ. ಮತ್ತೆ ಓ. ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಅದರ ಜೊತೆಗೇ ಇನ್ನೊಂದು ಹೊಳೆಯಿತು. ಕರೆಯದೆ ಓ ಎನ್ನುವ ಮನುಷ್ಯ ಅವರಲ್ಲ. ಎರಡು ಸಲ ಕರೆದರೂ ಎನ್ನುವವರಲ್ಲ. ಹಾಗಾದರೆ ಇದು ಯಾರಿಗೆ?

"ಸುಭಾಷಾ, ಆ ದಿನ ನೀನು ಮೂರನೇ ಸಲ ಕರೆದೆಯಲ್ಲ?"

"ಕರದೆ ವೈನಿ. ನಮ್ಮವ್ವನಾಣೆ ಕರದೆ. ಉತ್ತರ ಬರಲಿಲ್ಲ."

"ಬಂದಿದೆ. ನಿನಗೆ ಮುಟ್ಟಲಿಲ್ಲ. ಮುಟ್ಟುವವರೆಗೆ ಹೇಳುತ್ತಿದ್ದಾರೆ."

ಅದಕ್ಕೇ ಅವರು ನಮ್ಮ ಹೊಸ್ತಿಲಿಗೆ ಬರಲಿಲ್ಲ. ಕೊರಗಣ್ಣ ಕರೆದದ್ದು ಹೊಸ ಕರೆ. ಹಳೆಯ ಕರೆಯೇ ಇನ್ನೂ ಮುಗಿದಿರಲಿಲ್ಲ. ಮೇಲಿನವನು ಕರೆದಿದ್ದಾನೆ, ತಾನು ಓ ಎಂದಿದ್ದೇನೆ, ಮೇಲೆ ಬಾ ಎಂದು ಹೇಳುವವರೆಗೆ ಕೆಲಸ ಬಿಟ್ಟು ಏಳುವಂತಿಲ್ಲ. ಅವರ ಕ್ರಮ ಅದು.

"ಹೋಗು. ಕರೆದವನು ನೀನು, ನೀನೇ ಹೇಳಬೇಕು."

"ನನ್ನ ಕೈಲೆ ಆಗಂಗಿಲ್ಲರೀ."

"ಆಗುತ್ತದೆ. ನಾನು ಹೆಸರು ಹೇಳುವ ಹಾಗಿಲ್ಲ."

ಹಿಂದಿನ ಅಂಗಳಕ್ಕೆ ಹೋದೆವು. ಹೊಸ ಟೈಲ್ಸ್ ಕೆಂಪಗೆ ಒದ್ದೆಯಾಗಿತ್ತು. ಚೇಂಬರು ಎಲ್ಲಿತ್ತೆಂದು ಸುಭಾಷನಿಗೆ ಕಣ್ಣು ಮುಚ್ಚಿದರೂ ಗೊತ್ತು. ಆ ದಿನದ ಹಾಗೆಯೇ ಹೊಟ್ಟೆಯ ಮೇಲೆ ಮಲಗಿದ. ಬಾಯಿಗೆ ಕೈ ಕೊಟ್ಟ. ವಾಚ್‌ಮನ್ ಓಡಿ ಬಂದ. ಶಾಮಲಾ ಅವನಿಗೆ ಕೈ ತೋರಿಸಿದರು, ಅವನು ಅಲ್ಲೇ ನಿಂತ.

ಸುಭಾಷ ಟೈಲ್ಸಿಗೆ ಮುಖ ತಾಗಿಸಿ ಕೂಗಿದ.

"ಕೇಳ್ತು ಐತಣ್ಣ! ನಿನ್ನ ಓ ಕೇಳ್ತು! ಕೆಲಸ ಆತು. ಸಾಕು. ಮ್ಯಾಲ ಬಾ."

ನೆಲದ ಅಡಿಯಲ್ಲಿ ಏನೋ ಬಿಟ್ಟುಕೊಂಡಿತು. ಗಂಟಲಲ್ಲಿ ಸಿಕ್ಕಿದ ತುತ್ತು ಇಳಿದಂಥ ಸದ್ದು. ಮನೆಯೊಳಗಿನ ಬಚ್ಚಲಲ್ಲಿ ನೀರು ಸುತ್ತಿ ಸುತ್ತಿ ಇಳಿಯುವುದು ಅಂಗಳಕ್ಕೆ ಕೇಳಿತು. ಆಮೇಲೆ ಗಾಳಿ ಇಲ್ಲದ ಅಂಗಳದಲ್ಲಿ ತೆಂಗಿನೆಣ್ಣೆಯ ವಾಸನೆ ಬಂತು.

"ತಿರುಗಿ ನೋಡಬೇಡ. ನಡಿ," ಎಂದೆ.

ಗೇಟಿನ ಹತ್ತಿರ ಶಾಮಲಾ ಏನೋ ಕೇಳಿದರು. ಬಹುಶಃ ಇನ್ನು ಬರುವುದಿಲ್ಲ ತಾನೇ ಎಂದು. ನಾನು ತಿರುಗಲಿಲ್ಲ.

ಸ್ಟೇಷನ್ನಿನಲ್ಲಿ ಲೇಡೀಸ್ ಡಬ್ಬಿ ಎದುರಿಗೇ ನಿಂತಿತು. ಕಾಲು ಎತ್ತಿದವಳು ಇಳಿಸಿದೆ. ಅವರು ಅದರಲ್ಲಿ ಹತ್ತುವಂತಿಲ್ಲವಲ್ಲ. ಸುಭಾಷನ ಜೊತೆ ಜನರಲ್ ಡಬ್ಬಿಗೆ ಓಡಿದೆ. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಕಿಟಕಿ ಬಿಟ್ಟು ಈಚೆ ಕೂತೆ. ಸುಭಾಷ ಎದುರು ಕೂತ. ಅವನು ನನ್ನ ಪಕ್ಕಕ್ಕೆ ಕಣ್ಣು ಹಾಯಿಸಲಿಲ್ಲ.

ಘಾಟಕೋಪರದಲ್ಲಿ ಗರ್ದಿ ಹತ್ತಿತು. ಒಬ್ಬ ಬಂದು ಕಿಟಕಿಯ ಜಾಗ ತೋರಿಸಿ "ಖಾಲಿ ಹೈ ಕ್ಯಾ?" ಎಂದ. ನಾನು ಉತ್ತರಿಸುವ ಮೊದಲೇ ಮೂಗು ಅರಳಿಸಿದ. ಕರವಸ್ತ್ರ ತೆಗೆದು ಮುಖಕ್ಕೆ ಹಿಡಿದು ಬಾಗಿಲ ಕಡೆ ಹೋದ. ಇನ್ನೊಬ್ಬಳು ಬಂದಳು, ಅವಳೂ ಹೋದಳು. ದಾದರಿನಲ್ಲಿ ಜನ ಜನರ ಮೇಲೆ ನಿಂತಿದ್ದರು. ನನ್ನ ಪಕ್ಕದ ಜಾಗ ಬೈಕುಲ್ಲಾದವರೆಗೆ ಖಾಲಿಯೇ ಇತ್ತು. ಈ ಸಲ ನನಗೆ ನಾಚಿಕೆ ಆಗಲಿಲ್ಲ.

ನಿಶಾ ಬಂಗುಡೆ ತಂದಿಟ್ಟಿದ್ದಳು. ನಾನು ಸಾರು ಮಾಡಿದೆ. ಸಂಜೆ ದೀಪ ಹೊತ್ತಿಸಿ ಎಲೆ ಹಾಕಿದೆವು. ಕೊರಗಣ್ಣ ಹೊಸ್ತಿಲಲ್ಲಿ ನಿಂತು ಗಂಟಲು ಸರಿ ಮಾಡಿಕೊಂಡರು.

"ಐತಾ, ಉಲಾಯಿ ಬಲ."

ಮೂರು ಸಲ ಕರೆದು ಬಾಗಿಲು ಎಳೆದುಕೊಂಡರು. ಚಾಳಿನ ಓಣಿಯಲ್ಲಿ ಸುಭಾಷನೂ ಸೇರಿ ನಾವು ನಾಲ್ವರು ನಿಂತೆವು. ಯಾರದೋ ಟಿವಿ ಹಾಡುತ್ತಿತ್ತು.

ಒಳಗೆ ಚೆಂಬು ಡ್ರಮ್ಮಿಗೆ ತಾಗಿದ ಸದ್ದು. ಆಮೇಲೆ ನೀರು. ನಿಂತಿತು. ಮತ್ತೆ ನೀರು.

ನಿಶಾಗೆ ಕನ್ನಡ ತಡವರಿಸುತ್ತದೆ. ನನ್ನ ಸೆರಗು ಹಿಡಿದಳು. "ಅಮ್ಮಾ, ಒಳಗೆ ಕೋಯೀ ಹೈ. ಪಾನೀ... ನೀರು ಯಾರು ಹಾಕ್ತಾ ಇದೆ?"

ಆ ಡ್ರಮ್ಮನ್ನು ಮೇ ತಿಂಗಳಿನಿಂದ ನಾನು ತುಂಬಿಸಿರಲಿಲ್ಲ.

ಕೊರಗಣ್ಣ ಬಾಗಿಲಿನ ಕಡೆ ಕೈ ಚಾಚಿದರು. ಬಹಳ ಹೊತ್ತಾಯಿತು, ತೆರೆದು ನೋಡುವ ಸಮಯ ಆಗಿತ್ತು. ಒಳಗೆ ಇನ್ನೂ ಚೆಂಬಿನ ಮೇಲೆ ಚೆಂಬು ಸುರಿಯುತ್ತಿತ್ತು. ನಾನು ಅವರ ಕೈ ತಡೆದೆ.

"ಈಗ ಬೇಡ ಕೊರಗಣ್ಣ. ಕಾಲು ತೊಳೆದಾಗಿರಬೇಕು ಅಷ್ಟೇ. ಅವರಿಗೆ ಹೊತ್ತು ಹಿಡಿಯುತ್ತದೆ."